ಮರೆತರೆ ಮಾತ್ರ ಕೂಡುತ್ತದೆ



ಶಿವಾಜಿನಗರದ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಆದಮೇಲೆ ಒಂದು ತಾಸು ‘ಟಕಟಕ’ ಸದ್ದು. ಅದು ನಮ್ಮ ಮಾವನವರದು. ವಯಸ್ಸು ಎಂಬತ್ತನಾಲ್ಕು, ಊರು ಧಾರವಾಡ. ಕೈ ನಡುಗುವುದರಿಂದ ಅವರು ಪೆನ್ನು ಬಿಟ್ಟು ಮೂರು ವರ್ಷವಾಯಿತು. ಟ್ಯಾಬಿನ ಗಾಜಿನ ಮೇಲೆ ಬೆರಳಿಟ್ಟರೆ ಒಂದು ಅಕ್ಷರ ಬೇಕಾದಲ್ಲಿ ಮೂರು ಮೂಡುತ್ತಿದ್ದವು. ಕಳೆದ ದೀಪಾವಳಿಗೆ ನನ್ನ ಮಗ ತಂತಿಯಿಲ್ಲದ ಕೀಬೋರ್ಡೊಂದನ್ನು ತಂದು ಟ್ಯಾಬಿಗೆ ಜೋಡಿಸಿಕೊಟ್ಟ. ಅಂದಿನಿಂದ ಅಜ್ಜ ತಮ್ಮ ಬಾಲ್ಯದ ನೆನಪುಗಳನ್ನು ದಿನಕ್ಕೊಂದು ಪುಟದಂತೆ ಬರೆಯತೊಡಗಿದರು.

ಒಂದು ದಿನ ಆ ಸದ್ದು ನಿಂತಿತು. ಕೇಳಿದರೆ “ಯಾಕೋ ಬ್ಯಾಸರ ಆಗೇದವಾ” ಎಂದರು. ಎರಡು ವಾರ ಹೀಗೇ ಕಳೆಯಿತು. ಆಮೇಲೊಂದು ರಾತ್ರಿ ಮೆಲ್ಲಗೆ ಹೇಳಿದರು: “ನಾನ ಏನೋ ಒತ್ತಿ ಕೆಡಿಸೀನಿ. ಹುಡುಗಗ ಹೇಳಬ್ಯಾಡ. ಪಾಪ, ರೊಕ್ಕಾ ಕೊಟ್ಟು ತಂದಾನ.”

ನಿಜ ಹೇಳಬೇಕೆಂದರೆ ಕೀಬೋರ್ಡ್ ಕೆಟ್ಟಿರಲೇ ಇಲ್ಲ! ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಮಗ ಅದನ್ನು ತನ್ನ ಫೋನಿಗೆ ಜೋಡಿಸಿಕೊಂಡು ಆಫೀಸಿನ ಪತ್ರವೊಂದನ್ನು ಬರೆದಿದ್ದ. ಅಷ್ಟೇ ಆದದ್ದು. ಹೇಗೆ ಎನ್ನುವಿರಾ?

ಕೀಬೋರ್ಡ್ ಮತ್ತು ಟ್ಯಾಬ್ ಮೊದಲ ಸಲ ಜೋಡಿಯಾಗುವಾಗ ಒಂದು ಗುಟ್ಟಿನ ಸಂಖ್ಯೆಯನ್ನು ಇಬ್ಬರೂ ನೆನಪಿಟ್ಟುಕೊಳ್ಳುತ್ತವೆ. ಮರುದಿನದಿಂದ ಆ ಗುರುತಿನ ಮೇಲೆಯೇ ಒಂದನ್ನೊಂದು ಕಂಡುಹಿಡಿಯುತ್ತವೆ. ಅಗ್ಗದ ಎಷ್ಟೋ ಕೀಬೋರ್ಡುಗಳಿಗೆ ಒಬ್ಬನೇ ಗೆಳೆಯನನ್ನು ನೆನಪಿಡುವ ಶಕ್ತಿ. ಫೋನಿನ ಸ್ನೇಹವಾದೊಡನೆ ನಮ್ಮ ಕೀಬೋರ್ಡ್ ಟ್ಯಾಬನ್ನು ಮರೆತಿತ್ತು. ಟ್ಯಾಬ್ ಮಾತ್ರ ಹಳೆಯ ಗುರುತನ್ನೇ ಹಿಡಿದುಕೊಂಡು ಕೂತಿತ್ತು. ಹೀಗಾಗಿ ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಒತ್ತಿದರೆ ಕೂಡುವುದಿಲ್ಲ. ಇಂಥ ಹೊತ್ತಿನಲ್ಲಿ ಅದೇ ಹೆಸರನ್ನು ನೂರು ಸಲ ಒತ್ತಿದರೂ ಉಪಯೋಗವಿಲ್ಲ. ಟ್ಯಾಬಿಗೂ ಹಳೆಯದನ್ನು ಮರೆಸಬೇಕು.

ಕ್ರಮ ಹೀಗಿದೆ. ಮೊದಲು ಕೀಬೋರ್ಡನ್ನು ಪೂರ್ತಿ ಚಾರ್ಜ್ ಮಾಡಿ, ಇಲ್ಲವೇ ಹೊಸ ಸೆಲ್ ಹಾಕಿ. ಅರ್ಧ ದೂರುಗಳು ಇಲ್ಲಿಯೇ ಮುಗಿಯುತ್ತವೆ. ಹತ್ತಿರದಲ್ಲಿರುವ ಆ ಇನ್ನೊಂದು ಫೋನಿನ ಬ್ಲೂಟೂತ್ ಆರಿಸಿ. ಟ್ಯಾಬಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು, ಕೀಬೋರ್ಡಿನ ಹೆಸರಿನ ಪಕ್ಕದ ಚಿಹ್ನೆಯನ್ನು ಒತ್ತಿ ‘ಫರ್ಗೆಟ್’ ಎನ್ನಿ. ಆಮೇಲೆ ಕೀಬೋರ್ಡಿನಲ್ಲಿ ಬ್ಲೂಟೂತ್ ಗುರುತಿರುವ ಕೀಲಿಯನ್ನು ದೀಪ ಮಿಣುಕುವ ತನಕ ಒತ್ತಿಹಿಡಿಯಿರಿ. ಪಟ್ಟಿಯಲ್ಲಿ ಹೆಸರು ಹೊಸದಾಗಿ ಬಂದಾಗ ಅದನ್ನು ಆರಿಸಿ. ಪರದೆಯ ಮೇಲೆ ಆರಂಕಿಯ ಸಂಖ್ಯೆ ಬಂದು ‘ಟೈಪ್ ಮಾಡಿ’ ಎಂದರೆ ಅದನ್ನು ಗಾಜಿನ ಮೇಲಲ್ಲ, ಕೀಬೋರ್ಡಿನಲ್ಲಿಯೇ ಒತ್ತಿ ಕೊನೆಗೆ ಎಂಟರ್ ಒತ್ತಬೇಕು. ಬಹಳ ಜನ ಎಡವುವುದು ಇಲ್ಲಿಯೇ.

ಇಷ್ಟಾದರೂ ಪಟ್ಟಿಯಲ್ಲಿ ಹೆಸರೇ ಬರದಿದ್ದರೆ ಕೀಬೋರ್ಡಿನ ಜೊತೆ ಬಂದ ಡಬ್ಬಿ ನೋಡಿ. ಅದರಲ್ಲಿ ಉಗುರಿನಷ್ಟು ಚಿಕ್ಕ ಯುಎಸ್‌ಬಿ ತುಣುಕು ಮಾತ್ರ ಇದ್ದು ಎಲ್ಲಿಯೂ ಬ್ಲೂಟೂತ್ ಗುರುತು ಇಲ್ಲದಿದ್ದರೆ ಅದು ಬೇರೆ ಜಾತಿಯದು. ಆ ತುಣುಕನ್ನೇ ಟ್ಯಾಬಿಗೆ ಸಿಕ್ಕಿಸಬೇಕು. ಮೇಲೆ 1, 2, 3 ಎಂದಿರುವ ಕೀಬೋರ್ಡಾದರೆ ಇನ್ನೂ ಸುಲಭ. 1 ಅಜ್ಜನ ಟ್ಯಾಬಿಗೆ, 2 ನಿಮ್ಮ ಫೋನಿಗೆ ಎಂದು ಹಂಚಿಕೊಂಡರೆ ಜಗಳವಿಲ್ಲ. ಕೂಡಿದ ಮೇಲೂ ಅಕ್ಷರಗಳು ನಡುನಡುವೆ ತಪ್ಪಿಹೋದರೆ ಅಡುಗೆಮನೆಯತ್ತ ನೋಡಿ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳ ಆಸುಪಾಸಿನಲ್ಲೇ ಮೈಕ್ರೋವೇವ್ ಒಲೆಯದೂ ಕಾರುಬಾರು!

ಅಂದ ಹಾಗೆ ಈ ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು. ಬೇರೆ ಬೇರೆಯಾಗಿದ್ದವರನ್ನು ಒಂದುಗೂಡಿಸಿದವನೆಂದು 1990ರ ದಶಕದಲ್ಲಿ ಈ ತಂತ್ರಜ್ಞಾನಕ್ಕೆ ಅವನ ಹೆಸರಿಟ್ಟರು.

ಕೀಬೋರ್ಡ್ ಕೂಡಿತು, ಆದರೆ ಮೂಡುವುದು ಇಂಗ್ಲಿಷ್! ಅದಕ್ಕೆ ಟ್ಯಾಬಿನ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಬೇಕು. ನಮ್ಮ ಮಾವನವರು ಬಳಸುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಭಾರತದ ಹಲವು ಭಾಷೆಗಳಿಗೆ ಒಂದೇ ಬಗೆಯ ಈ ಕೀಲಿಮಣೆ 1991ರಲ್ಲಿ ಭಾರತೀಯ ಮಾನಕದಲ್ಲಿ ಸೇರಿತು. 1988ರಲ್ಲಿ ನಮ್ಮ ಪುಣೆಯಲ್ಲಿಯೇ ಆರಂಭವಾದ ಸಿ-ಡ್ಯಾಕ್ ಸಂಸ್ಥೆ ಇದನ್ನು ಹರಡಲು ದುಡಿದಿದೆ. ಇದರಲ್ಲಿ ಮರಾಠಿಯ ‘ಕ’ ಇರುವ ಕೀಲಿಯಲ್ಲಿಯೇ ಕನ್ನಡದ ‘ಕ’. ಮರಾಠಿಯನ್ನು ಹೀಗೆ ಟೈಪ್ ಮಾಡಬಲ್ಲ ನಿಮ್ಮ ಬೆರಳಿಗೆ ಕನ್ನಡ ಆಗಲೇ ಅರ್ಧ ಬಂದಿದೆ. ನಿಮಗೆ ಗೊತ್ತಿಲ್ಲ ಅಷ್ಟೇ!

ಮಕ್ಕಳೇ, ರಜೆಗೆ ಮನೆಗೆ ಬಂದಾಗ ನೀವು ಹಿರಿಯರ ಫೋನು, ಟ್ಯಾಬು ಎಲ್ಲವನ್ನೂ ಐದು ನಿಮಿಷದಲ್ಲಿ ಸರಿಮಾಡಿ ಕೊಡುತ್ತೀರಿ. ಸಂತೋಷ. ಆದರೆ ನೀವು ರೈಲು ಹತ್ತಿದ ಮೇಲೆ ಅದು ನಿಂತರೆ, ತಪ್ಪು ತಮ್ಮದೇ ಎಂದುಕೊಂಡು ಅವರು ಸುಮ್ಮನಾಗಿಬಿಡುತ್ತಾರೆ. ಆದ್ದರಿಂದ ಮುಂದಿನ ಸಲ ಜೋಡಿಸುವಾಗ ಅವರ ಕೈಯಲ್ಲಿಯೇ ಒಮ್ಮೆ ಬಿಡಿಸಿ, ಒಮ್ಮೆ ಕೂಡಿಸಿ ನೋಡಿ. ಕ್ರಮವನ್ನು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿಯೇ ಬರೆದುಕೊಡಿ. ಕಾಗುಣಿತ ತಪ್ಪಿದರೆ ಅವರೇ ತಿದ್ದಿಕೊಳ್ಳುತ್ತಾರೆ!

ನಾನೂ ಹಾಗೇ ಒಂದು ರಟ್ಟಿನ ಮೇಲೆ ಬರೆದು ಟ್ಯಾಬಿನ ಪಕ್ಕದಲ್ಲಿಟ್ಟೆ. ಮಾವನವರು ಕನ್ನಡಕ ಏರಿಸಿ, ಒಂದೊಂದೇ ಸಾಲು ಓದುತ್ತ ತಾವೇ ಜೋಡಿಸಿದರು. ಪರದೆಯ ಮೇಲೆ ಎರಡು ವಾರದ ಹಿಂದಿನ ಪುಟ ಅರ್ಧ ವಾಕ್ಯಕ್ಕೇ ನಿಂತಿತ್ತು: ಅವರ ಅವ್ವ ಬುತ್ತಿ ಕಟ್ಟಿಕೊಟ್ಟು, ಬಾಗಿಲಲ್ಲಿ ನಿಂತು... ಮುಂದಿನ ಮಾತನ್ನು ಅವರು ಆವತ್ತೇ ಬರೆದು ಮುಗಿಸಿದರು. ಮಗನಿಗೆ ಫೋನಿನಲ್ಲಿ ಓದಿಯೂ ಹೇಳಿದರು.

ನಿಮ್ಮ ಮನೆಯಲ್ಲಿಯೂ ಇಂಥ ಸದ್ದೊಂದು ನಿಂತಿದೆಯೇ? ಇವತ್ತೇ ಒಮ್ಮೆ ಫೋನು ಮಾಡಿ ಕೇಳಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.