ಹಾಸ್ಯಕ್ಕೆ ಕೋಪ ಸಲ್ಲದೆ?

ಚಾರ್ಲಿ ಚಾಪ್ಲಿನ್ ತಾನೇ ಬರೆದು, ನಿರ್ದೇಶಿಸಿ, ಮುಖ್ಯಪಾತ್ರವನ್ನೂ ವಹಿಸಿದ ‘ಎ ಕಿಂಗ್ ಇನ್ ನ್ಯೂಯಾರ್ಕ್’ ಚಿತ್ರವು 1957ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ತೆರೆಕಂಡಿತು. ಅಂದಿನಿಂದ ವಿಮರ್ಶಕರಲ್ಲಿ ಅನೇಕರು ಅದರ ಮೇಲೆ ಹೊರಿಸುತ್ತ ಬಂದ ಅಪವಾದವೊಂದುಂಟು: ಇದು ಹಾಸ್ಯವಲ್ಲ, ಹಗೆ, ಕಲೆಯಲ್ಲ, ಸ್ವಂತ ಸೇಡು. ಈ ತೀರ್ಪನ್ನು ಗಿಳಿಪಾಠದಂತೆ ಒಪ್ಪಿಸುವುದು ನಮಗೆ ಸಲ್ಲದು.

ಸೇಡಿಗೆ ಕಾರಣವಿತ್ತೆಂಬುದು ನಿಜವೇ. 1952ರಲ್ಲಿ ಚಾಪ್ಲಿನ್ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟಿದ್ದಾಗ ಅಮೆರಿಕದ ಸರಕಾರವು ಆತನ ಮರುಪ್ರವೇಶದ ಅನುಮತಿಯನ್ನು ರದ್ದುಪಡಿಸಿತು. ಅಲ್ಲಿ ಕಮ್ಯೂನಿಸ್ಟರ ಬೇಟೆ ನಡೆದಿದ್ದ ಕಾಲವದು. ಆದರೆ ನೊಂದವನು ಸಾಕ್ಷಿ ನುಡಿಯಬಾರದೆಂಬುದು ಯಾವ ನ್ಯಾಯ? 1940ರ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದ ಕೊನೆಯ ಭಾಷಣಕ್ಕೂ ಇಂಥದೇ ಆಕ್ಷೇಪಣೆ ಬಂದಿತ್ತು: ವಿದೂಷಕನು ಉಪದೇಶಕನಾದನೆಂದು. ವಿದೂಷಕನು ನಗಿಸಿ ಸುಮ್ಮನಾಗಬೇಕೆಂಬ ಕಟ್ಟಳೆಯನ್ನು ಮಾಡಿದವರಾರು?

ಚಿತ್ರದಲ್ಲಿ ದೋಷಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಕಟ್ಟಿದ ನ್ಯೂಯಾರ್ಕು ನಂಬಿಸುವುದಿಲ್ಲ. ಜಾಹೀರಾತು, ಮುಖದ ಶಸ್ತ್ರಚಿಕಿತ್ಸೆ, ಅಗಲ ತೆರೆಯ ಸಿನಿಮಾ, ಇವುಗಳ ಗೇಲಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ವಿಚಾರಣಾ ಸಮಿತಿಯವರ ಮೇಲೆ ಬೆಂಕಿ ಆರಿಸುವ ಕೊಳವೆಯಿಂದ ನೀರು ಚಿಮ್ಮುವುದು ಸುಲಭದ ನಗೆ. ಇಷ್ಟನ್ನು ವಿಮರ್ಶಕರಿಗೆ ಬಿಟ್ಟುಕೊಡೋಣ.

ಆದರೆ ಶಿಕ್ಷಕರಾದ ನಾವು ನಿಲ್ಲಬೇಕಾದ ಸ್ಥಳ ಬೇರೆ. ಸಿಂಹಾಸನ ಕಳೆದುಕೊಂಡು ಅಮೆರಿಕಕ್ಕೆ ಬಂದ ರಾಜ ಶಾಡೋವ್ ‘ಪ್ರಗತಿಪರ’ವೆನಿಸಿದ ಶಾಲೆಯೊಂದಕ್ಕೆ ಹೋಗುತ್ತಾನೆ. ಅಲ್ಲಿ ರೂಪರ್ಟ್ ಎಂಬ ಹತ್ತು ವರ್ಷದ ಹುಡುಗ, ಶಾಲಾಪತ್ರಿಕೆಯ ಸಂಪಾದಕ, ರಾಜನಿಗೆ ಬಾಯಿ ತೆರೆಯಗೊಡದೆ ಸರಕಾರ, ಸ್ವಾತಂತ್ರ್ಯಗಳನ್ನು ಕುರಿತು ಭಾಷಣ ಬಿಗಿಯುತ್ತಾನೆ. ಪಾತ್ರಧಾರಿ ಚಾಪ್ಲಿನ್ನನ ಮಗ ಮೈಕೇಲ್. ನಾವು ನಗುತ್ತೇವೆ. ಮುಂದೆ ಹುಡುಗನ ತಂದೆತಾಯಿಗಳು ಗೆಳೆಯರ ಹೆಸರು ಹೇಳಲೊಪ್ಪದೆ ಸೆರೆಗೆ ಬೀಳುತ್ತಾರೆ. ಅವರ ಬಿಡುಗಡೆಯ ಬೆಲೆಯಾಗಿ ಅಧಿಕಾರಿಗಳು ಆ ಹೆಸರುಗಳನ್ನು ಮಗನ ಬಾಯಿಂದಲೇ ಹೊರಡಿಸುತ್ತಾರೆ. ಕೊನೆಗೆ ಅವನನ್ನು ದೇಶಭಕ್ತನೆಂದು ರಾಜನ ಮುಂದೆ ನಿಲ್ಲಿಸಲಾಗುತ್ತದೆ. ಹುಡುಗನು ಅಳುತ್ತಾನೆ. ಹಿಂದೆ ಉಕ್ಕಿಹರಿದಿದ್ದ ಮಾತಿನಲ್ಲಿ ಒಂದೂ ಉಳಿದಿಲ್ಲ.

ಇದು ಸೇಡೆ? ಸೇಡಿನ ಕಥೆಯಲ್ಲಿ ವೈರಿ ಸೋಲಬೇಕು. ಇಲ್ಲಿ ರಾಜನು ನಿರ್ದೋಷಿಯೆನಿಸಿಕೊಂಡು ಯೂರೋಪಿಗೆ ಹೊರಡುತ್ತಾನೆ, ಸೋತವನು ಬಾಲಕ. ಆ ಬಾಲಕನ ವಾದವನ್ನೂ ಚಾಪ್ಲಿನ್ ಹೊಗಳಿಲ್ಲ. ಅದರ ಕಂಠಪಾಠದ ದನಿಯನ್ನು ನಮಗೆ ಕೇಳಿಸಿಯೇ ಇದ್ದಾನೆ. ತಪ್ಪನ್ನೇ ಆಡಲಿ, ಆಡುವ ಮಗುವಿನ ಬಾಯನ್ನು ಭಯದಿಂದ ಮುಚ್ಚಿಸಬಾರದೆಂಬುದೇ ಚಿತ್ರದ ವಾದ. ಇಟಲಿಯ ನಿರ್ದೇಶಕ ರೊಸೆಲಿನಿ ಇದನ್ನು ಸ್ವತಂತ್ರ ಮನುಷ್ಯನೊಬ್ಬನ ಚಿತ್ರವೆಂದು ಕರೆದದ್ದು ಸುಮ್ಮನೆಯಲ್ಲ. ಅಮೆರಿಕದ ಚಿತ್ರಮಂದಿರಗಳಿಗೆ ಇದು ಬರಲು ಸುಮಾರು ಹದಿನೈದು ವರ್ಷ ಹಿಡಿಯಿತು.

ಚಾಪ್ಲಿನ್ನನ ಕೋಪವನ್ನು ಅಳೆದವರು ಹುಡುಗನ ಕಣ್ಣೀರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ತರಗತಿಯಲ್ಲಿ ಮೊನ್ನೆಯವರೆಗೆ ಎದುರಾಡುತ್ತಿದ್ದ ಹುಡುಗನು ಇಂದು ತಲೆ ತಗ್ಗಿಸಿ ಕುಳಿತರೆ, ವಿನಯ ಬಂತೆಂದು ಸಂತೋಷಪಡುವ ಮೊದಲು, ಅವನ ಮಾತನ್ನು ಕಸಿದವರಾರೆಂದು ವಿಚಾರಿಸೋಣ.