ವ್ಯೋಮನೌಕೆಯನ್ನು ಮಗುವೇ ಕಟ್ಟಲಿ

ಟಿ.ವಿ.ಯಲ್ಲಿ ಕಂಡ ವ್ಯೋಮನೌಕೆಯ ಮೇಲೆ ಮಕ್ಕಳಿಗಿರುವ ಮೋಹ ಹೊಸದೇನಲ್ಲ. 1980ರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡಿದವರು, 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ನೋಡಿದವರು ಈಗ ತಾವೇ ತಂದೆ ತಾಯಿಯರಾಗಿದ್ದಾರೆ. ಅಂದು ಬೆಂಕಿಪೊಟ್ಟಣ, ಥರ್ಮೊಕೋಲ್, ಐಸ್‌ಕ್ರೀಂ ಕಡ್ಡಿಗಳಿಂದ ನೌಕೆ ಮಾಡಿದ ಕೈಗಳೇ ಇಂದು ಮಗುವಿನ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ಡಬ್ಬಿ ತರುತ್ತವೆ. ಡಬ್ಬಿಯ ಒಳಗೆ ಎಣಿಸಿಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳು, ಜೊತೆಗೆ ಯಾವುದರ ಮೇಲೆ ಯಾವುದನ್ನು ಕೂರಿಸಬೇಕೆಂದು ಚಿತ್ರ ತೋರಿಸುವ ಪುಸ್ತಕ. ಎರಡು ದಿನದಲ್ಲಿ ನೌಕೆ ಸಿದ್ಧ. ಮೂರನೆಯ ದಿನ ನೌಕೆ ಷೋಕೇಸಿಗೆ, ಮಗು ಮತ್ತೆ ಮೊಬೈಲಿಗೆ.

ಹೀಗಾದಾಗ ಪಾಲಕರು ‘ಇಷ್ಟು ದುಡ್ಡು ಕೊಟ್ಟು ತಂದರೂ ಇವನಿಗೆ ಆಸಕ್ತಿಯೇ ಇಲ್ಲ’ ಎಂದು ಗೊಣಗುವುದುಂಟು. ತಪ್ಪು ಮಗುವಿನದಲ್ಲ. ಮುಗಿದುಹೋದ ಕೆಲಸದಲ್ಲಿ ಯಾರಿಗೆ ತಾನೇ ಆಸಕ್ತಿ ಉಳಿದೀತು? ಅದೇ ಹಣಕ್ಕೆ ಬಿಡಿ ಇಟ್ಟಿಗೆಗಳನ್ನು ತಂದು, ‘ನಿನಗೆ ಇಷ್ಟವಾದ ನೌಕೆಯನ್ನು ನೀನೇ ಯೋಚಿಸಿ ಕಟ್ಟು’ ಎನ್ನುವುದು ಮಗುವಿನ ಮನಸ್ಸಿನ ಆರೋಗ್ಯಕ್ಕೆ ಹೆಚ್ಚು ಒಳ್ಳೆಯದು ಎಂಬುದು ಈ ಲೇಖನದ ಅಭಿಪ್ರಾಯ.

ಈ ಆಟಿಕೆ ಇಟ್ಟಿಗೆಯ ಮಹಿಮೆ ಇರುವುದೇ ಅದನ್ನು ಬಗೆಬಗೆಯಾಗಿ ಜೋಡಿಸಬಹುದೆಂಬುದರಲ್ಲಿ. ಡೆನ್ಮಾರ್ಕಿನ ಲೆಗೊ ಕಂಪನಿ ಇಂದಿನ ರೂಪದ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ತಲೆಯ ಮೇಲೆ ಎಂಟು ಗುಂಡಿಗಳಿರುವ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಅಂಥವೇ ಆರು ಇಟ್ಟಿಗೆಗಳಿದ್ದರೆ 91 ಕೋಟಿಗೂ ಹೆಚ್ಚು ರೀತಿಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಚಿತ್ರದ ಪುಸ್ತಕ ಈ ಕೋಟಿಗಳಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ.

ಸ್ಟಾರ್ ಟ್ರೆಕ್‌ನ ‘ಎಂಟರ್‌ಪ್ರೈಸ್’ ನೌಕೆಯನ್ನೇ ನೋಡಿ. ಮುಂದೆ ದೊಡ್ಡ ತಟ್ಟೆ, ಅದರ ಕೆಳಗೆ ಸಣ್ಣ ಕತ್ತು, ಹಿಂದೆ ತೆಳ್ಳನೆಯ ಕಾಲುಗಳ ಮೇಲೆ ಎರಡು ಉದ್ದದ ಕೊಳವೆಗಳು. ಚಿತ್ರೀಕರಣಕ್ಕಾಗಿ 1964ರಲ್ಲಿ ಮಾಡಿದ ಅದರ 11 ಅಡಿ ಉದ್ದದ ಮಾದರಿಯನ್ನು ಅಮೆರಿಕದ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಡಲಾಗಿದೆ. ಇದನ್ನು ಇಟ್ಟಿಗೆಯಲ್ಲಿ ಕಟ್ಟಹೊರಟ ಮಗುವಿಗೆ ಮೊದಲು ಎದುರಾಗುವುದು ಭಾರದ ಪ್ರಶ್ನೆ. ತಟ್ಟೆ ದೊಡ್ಡದಾದರೆ ಕತ್ತು ಕಳಚುತ್ತದೆ, ಕೊಳವೆ ಉದ್ದವಾದರೆ ನೌಕೆ ಹಿಂದಕ್ಕೆ ವಾಲುತ್ತದೆ. ಮುಂದಿನದು ಅಳತೆಯ ಪ್ರಶ್ನೆ. ಮೂರು ತೆಳು ಹಲಗೆಗಳನ್ನು ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರ. ಐದು ಹಲಗೆಗಳನ್ನು ಪೇರಿಸಿ ಅಡ್ಡ ಮಲಗಿಸಿದರೆ ಸರಿಯಾಗಿ ಎರಡು ಗುಂಡಿಗಳ ಅಗಲ. ಇದನ್ನು ತಾನಾಗಿ ಕಂಡುಕೊಂಡ ಮಗುವಿಗೆ ಭಿನ್ನರಾಶಿಯ ಭಯ ಅಷ್ಟರಮಟ್ಟಿಗೆ ಕಡಿಮೆಯಾದಂತೆಯೇ.

ವಸ್ತುಗಳ ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಹುಟ್ಟಿನಿಂದ ಬಂದಷ್ಟೇ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಈ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆ ಎಂದು ತೋರಿಸಿತು. ಅಮೆರಿಕ ಮತ್ತು ನಾರ್ವೆಯ ಇಬ್ಬರು ಸಂಶೋಧಕಿಯರು ವಯಸ್ಕರ ಮೇಲೆ ಲೆಗೊ ಇಟ್ಟಿಗೆಗಳಿಂದಲೇ ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಕುತೂಹಲಕರ. ಸೂಚನೆಯಂತೆ ನಿಗದಿತ ಆಕೃತಿಯನ್ನು ಕಟ್ಟಿದವರು, ಅದರ ನಂತರ ಕೊಟ್ಟ ಸ್ವಂತ ಕಲ್ಪನೆಯ ಕೆಲಸದಲ್ಲಿ, ಮನಸ್ಸಿಗೆ ಬಂದಂತೆ ಕಟ್ಟಿದವರಿಗಿಂತ ಹಿಂದೆ ಬಿದ್ದರು. ಹಾಗೆಂದು ಸೂಚನಾ ಪುಸ್ತಕವನ್ನು ಒಲೆಗೆ ಹಾಕಬೇಕಾಗಿಲ್ಲ. ಕೈ ಪಳಗಲು ಒಂದೆರಡು ಬಾರಿ ಅದನ್ನು ನೋಡಿ ಕಟ್ಟಲಿ. ಆಮೇಲೆ ಪುಸ್ತಕ ಮುಚ್ಚಿಡಿ.

ದೊಡ್ಡ ಕೆಲಸಕ್ಕೆ ದೊಡ್ಡ ಜಾಗ, ದುಬಾರಿ ಸಾಮಾನು ಬೇಕು ಎಂಬ ಭಾವನೆಯೂ ಬೇಡ. 1975ರ ಏಪ್ರಿಲ್ 19ರಂದು ಅಂತರಿಕ್ಷಕ್ಕೆ ಏರಿದ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ತಯಾರಾದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ನಿಜವಾದ ಉಪಗ್ರಹವೇ ಶೆಡ್ಡಿನಲ್ಲಿ ರೂಪುಗೊಂಡಿರುವಾಗ ಆಟದ ನೌಕೆಗೆ ನಿಮ್ಮ ಮನೆಯ ನಡುಮನೆ ಸಾಲದೇ?

ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಂಥ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಕುಟುಂಬಗಳ ತೊಂದರೆ ಜಾಗದ್ದಲ್ಲ, ಸಮಯದ್ದು. ಅಪ್ಪನಿಗೆ ಒಂದು ಶಿಫ್ಟು, ಅಮ್ಮನಿಗೆ ಇನ್ನೊಂದು ಶಿಫ್ಟು. ಮನೆಗೆ ಬಂದಾಗ ಮೈ ದಣಿದಿರುತ್ತದೆ. ಮಗುವಿನೊಂದಿಗೆ ಕೂರಲಾಗಲಿಲ್ಲವಲ್ಲ ಎಂಬ ಅಳುಕಿಗೆ ದುಬಾರಿ ಡಬ್ಬಿಯೇ ಪರಿಹಾರವಾಗಿ ಕಾಣುತ್ತದೆ. ಸಮಯವಿಲ್ಲದವರಿಗೆ ದೀರ್ಘಕಾಲದ ಕೆಲಸವೇ ಹೆಚ್ಚು ಅನುಕೂಲ. ವಾರಕ್ಕೆ ಎರಡು ದಿನ ಅರ್ಧ ಗಂಟೆ ಸಾಕು. ನೌಕೆ ಮೂರು ತಿಂಗಳು ಹಿಡಿದರೆ ಹಿಡಿಯಲಿ, ಅವಸರವೇನು?

ಮನೆಮಂದಿ ಸೇರಿ ಕಟ್ಟಲು ಒಂದು ಒಳ್ಳೆಯ ವಿಧಾನವಿದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಲೆಗಾಫ್ ಆಟಿಸಂ ಇರುವ ಮಕ್ಕಳಿಗಾಗಿ ಇದನ್ನು ರೂಪಿಸಿ 2004ರಲ್ಲಿ ಪ್ರಕಟಿಸಿದರು. ಒಬ್ಬರು ಎಂಜಿನಿಯರ್, ಅವರು ಬಾಯಲ್ಲಿ ಹೇಳಬೇಕು. ಒಬ್ಬರು ಸಾಮಾನು ಪೂರೈಸುವವರು, ಬೇಕಾದ ಇಟ್ಟಿಗೆ ಹುಡುಕಿ ಕೊಡಬೇಕು. ಒಬ್ಬರು ಕಟ್ಟುವವರು. ಸ್ವಲ್ಪ ಹೊತ್ತಿನ ನಂತರ ಪಾತ್ರ ಬದಲು. ಹೇಳುವುದು, ಕೇಳುವುದು, ಕಾಯುವುದು ಮೂರೂ ಇದರಲ್ಲಿವೆ. ಯಾವ ಮಕ್ಕಳಿಗೂ ಇವು ಬೇಕಾದವೇ. ಮಗು ಎಂಜಿನಿಯರ್ ಆಗಿ ಅಜ್ಜ ಅದರ ಮಾತಿನಂತೆ ಕಟ್ಟುವ ಸಂಜೆ ಇಬ್ಬರಿಗೂ ಒಳ್ಳೆಯ ಔಷಧ.

ಹಣದ ಅಡಚಣೆಯಿದ್ದರೆ ನೆಂಟರ ಮಕ್ಕಳ ಹಳೆಯ ಇಟ್ಟಿಗೆಗಳನ್ನು ಕೇಳಿ ಪಡೆಯಿರಿ. ಲೆಗೊ ಕಂಪನಿಯ 1958ರ ಇಟ್ಟಿಗೆ ಅದೇ ಕಂಪನಿಯ ಇಂದಿನ ಇಟ್ಟಿಗೆಗೂ ಕೂಡುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅದೂ ಸಿಗದಿದ್ದರೆ ಚನ್ನಪಟ್ಟಣದ ಮರದ ತುಂಡುಗಳಾಗಲಿ, ರಟ್ಟಿನ ಪೆಟ್ಟಿಗೆಗಳಾಗಲಿ ಆದೀತು.

ಇನ್ನು ಎಚ್ಚರಿಕೆಯ ಮಾತು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸಣ್ಣ ಇಟ್ಟಿಗೆಗಳು ನೆಲದ ಮೇಲೆ ಬಿದ್ದಿರಬಾರದು. ದೊಡ್ಡವನ ನೌಕೆಯ ಚೂರು ಚಿಕ್ಕವಳ ಗಂಟಲಿಗೆ ಅಪಾಯ. ಹಳೆಯ ಬೆಡ್‌ಶೀಟ್ ಹಾಸಿ ಅದರ ಮೇಲೆ ಆಡಿಸಿ, ಆಟ ಮುಗಿದ ಮೇಲೆ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ ಮೇಲಿಡಿ. ಹೊಟ್ಟೆಗೆ ಇಳಿದ ನುಣುಪಾದ ಸಣ್ಣ ತುಂಡು ಸಾಮಾನ್ಯವಾಗಿ ಮಲದಲ್ಲಿ ಹೊರಬರುತ್ತದೆ. 2018ರಲ್ಲಿ ಮಕ್ಕಳ ವೈದ್ಯಕೀಯ ಕ್ಷೇತ್ರದ ಆರು ಮಂದಿ ಲೆಗೊ ಬೊಂಬೆಯ ತಲೆಯನ್ನು ತಾವೇ ನುಂಗಿ ಪರೀಕ್ಷಿಸಿದಾಗ ಅದು ಸರಾಸರಿ 1.71 ದಿನಗಳಲ್ಲಿ ಹೊರಬಂದಿತ್ತು. ಆದರೆ ಅವರೆಲ್ಲ ವಯಸ್ಕರು. ನುಂಗಿದ ಮಗುವಿಗೆ ಉಸಿರಾಟದ ತೊಂದರೆ, ಜೊಲ್ಲು ಸುರಿಯುವುದು, ವಾಂತಿ, ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನೌಕೆಗೆ ದೀಪ ಹಾಕುವ ಹುಮ್ಮಸ್ಸಿನಲ್ಲಿ ಗುಂಡಿಯಾಕಾರದ ಬ್ಯಾಟರಿ ಬಳಸುವವರು ವಿಶೇಷವಾಗಿ ಗಮನಿಸಬೇಕು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾಗಿ ಸುಡಬಲ್ಲದು. ಒಂದಕ್ಕಿಂತ ಹೆಚ್ಚು ಆಯಸ್ಕಾಂತ ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ತೂತು ಮಾಡಬಹುದು. ಈ ಎರಡರಲ್ಲೂ ‘ನಾಳೆ ನೋಡೋಣ’ ಎನ್ನುವಂತಿಲ್ಲ, ವಾಂತಿ ಮಾಡಿಸುವಂತೆಯೂ ಇಲ್ಲ. ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಹೊಸ ಆಟಿಕೆ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ.

ಕಣ್ಣು, ಕತ್ತುಗಳನ್ನೂ ಮರೆಯಬೇಡಿ. ಬೆಳಕು ಚೆನ್ನಾಗಿರಲಿ, ನೆಲದಲ್ಲಿ ಬಾಗಿ ಕೂರುವ ಬದಲು ಮೇಜಿನ ಮೇಲೆ ಕಟ್ಟಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ದೂರದ ಮರವನ್ನೋ ಆಕಾಶವನ್ನೋ ನೋಡಲಿ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಾಂಗಣದಲ್ಲಿ ಕಳೆದ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಕಂಡುಬಂದುದು 2015ರಲ್ಲಿ ವರದಿಯಾಯಿತು. ಇಟ್ಟಿಗೆಯ ಆಟ ಮೊಬೈಲಿನ ಸಮಯವನ್ನು ಕಸಿದುಕೊಳ್ಳಲಿ, ಬಯಲಿನ ಆಟದ ಸಮಯವನ್ನಲ್ಲ.

ಕೊನೆಯದಾಗಿ ಪಾಲಕರಲ್ಲಿ ಒಂದು ಕೋರಿಕೆ. ನೌಕೆಯ ಕತ್ತು ಮುರಿದು ಬಿದ್ದಾಗ ಮಗು ಅಳಬಹುದು, ಸಿಟ್ಟಿನಿಂದ ಎಸೆಯಲೂಬಹುದು. ಆಗ ನೀವು ಕೈಹಾಕಿ ಸರಿಮಾಡಿಕೊಡಬೇಡಿ. ‘ಎಲ್ಲಿ ಭಾರ ಹೆಚ್ಚಾಯಿತು ನೋಡೋಣ’ ಎಂದಷ್ಟೇ ಹೇಳಿ ಪಕ್ಕದಲ್ಲಿ ಕುಳಿತಿರಿ. ಸೋತದ್ದನ್ನು ಮತ್ತೆ ಕಟ್ಟಬಹುದೆಂಬ ಧೈರ್ಯ ಯಾವ ಟಾನಿಕ್ಕಿನಲ್ಲೂ ಸಿಗುವುದಿಲ್ಲ. ಕಟ್ಟಿದ ನೌಕೆ ಟಿ.ವಿ.ಯ ನೌಕೆಯಂತೆ ಕಾಣದಿದ್ದರೂ ಚಿಂತೆಯಿಲ್ಲ. ಅದಕ್ಕೊಂದು ಹೆಸರಿಡಲು ಮಗುವಿಗೇ ಹೇಳಿ.