ದೂರು ಕೊಟ್ಟರೆ ಸಾಲದು, ನಿಯಮ ಬದಲಾಗಲಿ



2026ರ ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಟೂರ್ನಿಯಿಂದ ಭಾರತ ಹೊರಬಿದ್ದಿದೆ. 2024ರ ಜೂನ್ 11ರ ಮಂಗಳವಾರ ದೋಹಾದಲ್ಲಿ ಕತಾರ್ ಎದುರು 1–2ರ ಸೋಲು. ಅಂದಿನಿಂದ ಎರಡು ಮಾತು ಕಿವಿಗೆ ಬೀಳುತ್ತಿವೆ. ರೆಫರಿ ಬೇಕೆಂದೇ ಮೋಸ ಮಾಡಿದರು ಎನ್ನುವುದು ಒಂದು. ರೆಫರಿಯ ತಪ್ಪು ಆಟದಲ್ಲಿ ಇದ್ದದ್ದೇ, ಸೋತವರು ಸುಮ್ಮನಿರಬೇಕು ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ.

ಲಾಲಿಯನ್‌ಜುವಾಲಾ ಚಾಂಗ್ಟೆ 37ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. 73ನೇ ನಿಮಿಷದಲ್ಲಿ ಕತಾರ್‌ಗೆ ಫ್ರೀ ಕಿಕ್ ಸಿಕ್ಕಿತು. ಯೂಸುಫ್ ಐಮನ್ ಮಾಡಿದ ಹೆಡರನ್ನು ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ನೆಲಕ್ಕೆ ಬಿದ್ದು ತಡೆದರು. ಚೆಂಡು ಅವರಿಂದ ಜಾರಿ ಗೋಲುಕಂಬದ ಪಕ್ಕದಲ್ಲಿ ಗೆರೆ ದಾಟಿತು. ಅಲ್ ಹಾಶ್ಮಿ ಅಲ್ ಹುಸೇನ್ ಅದನ್ನು ಗೆರೆಯಾಚೆಯಿಂದ ಕಾಲಲ್ಲಿ ಎಳೆದು ಒಳಗೆ ತಂದರು, ಐಮನ್ ಬಲೆಗೆ ತಳ್ಳಿದರು. ಟಿವಿಯ ಮರುಪ್ರಸಾರದಲ್ಲಿ ಚೆಂಡಿಗೂ ಗೆರೆಗೂ ನಡುವೆ ಹಸಿರು ಹುಲ್ಲು ಕಾಣುತ್ತದೆ. ಪೂರ್ತಿ ಚೆಂಡು ಗೆರೆ ದಾಟಿದರೆ, ನೆಲದ ಮೇಲಿರಲಿ ಗಾಳಿಯಲ್ಲಿರಲಿ, ಅದು ಆಟದಿಂದ ಹೊರಗೆ. ಕೊನೆಯಲ್ಲಿ ಮುಟ್ಟಿದವರು ಗುರುಪ್ರೀತ್ ಆದ್ದರಿಂದ ಕತಾರ್‌ಗೆ ಸಲ್ಲಬೇಕಾದದ್ದು ಕಾರ್ನರ್ ಕಿಕ್ ಮಾತ್ರ. ದಕ್ಷಿಣ ಕೊರಿಯಾದ ರೆಫರಿ ಗೋಲು ಕೊಟ್ಟರು. ನಮ್ಮ ಹುಡುಗರು ಸುತ್ತುವರಿದು ಎಷ್ಟು ಹೇಳಿದರೂ ತೀರ್ಪು ಬದಲಾಗಲಿಲ್ಲ. 85ನೇ ನಿಮಿಷದಲ್ಲಿ ಅಹ್ಮದ್ ಅಲ್ ರಾವಿ ಇನ್ನೊಂದು ಗೋಲು ಹೊಡೆದರು.

ಸೀಟಿ ಕೇಳುವವರೆಗೆ ಆಡುತ್ತಲೇ ಇರಬೇಕಿತ್ತು ಎಂದು ನಮ್ಮ ರಕ್ಷಣಾ ಆಟಗಾರರಿಗೆ ಬುದ್ಧಿ ಹೇಳುವವರಿದ್ದಾರೆ. ಎಳೆಯರಿಗೆ ಕೋಚ್ ಹೇಳಿಕೊಡುವ ಪಾಠವಾಗಿ ಅದು ಸರಿ. ಆದರೆ ಚೆಂಡು ಹೊರಹೋದ ಕ್ಷಣಕ್ಕೇ ಆಟ ನಿಂತಿತೆಂದು ನಿಯಮವೇ ಹೇಳುವಾಗ, ನಿಯಮ ನಂಬಿದವರ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ?

ಹೇಗಿದ್ದರೂ ಸೋಲುತ್ತಿದ್ದೆವು ಎನ್ನುವವರು ಗುಂಪಿನ ಲೆಕ್ಕವನ್ನೊಮ್ಮೆ ನೋಡಲಿ. ಪಂದ್ಯಕ್ಕೆ ಮುಂಚೆ ನಮಗೆ 5 ಅಂಕ, ಅಫ್ಘಾನಿಸ್ತಾನಕ್ಕೂ 5, ಕುವೈತ್‌ಗೆ 4. ಅದೇ ರಾತ್ರಿ ಕುವೈತ್ 1–0ರಿಂದ ಅಫ್ಘಾನಿಸ್ತಾನವನ್ನು ಮಣಿಸಿ 7ಕ್ಕೆ ಏರಿತು. ನಮ್ಮ 1–0 ಉಳಿದಿದ್ದರೆ 8 ಅಂಕದೊಂದಿಗೆ ಮೊದಲ ಬಾರಿಗೆ ಮೂರನೇ ಸುತ್ತು ಸೇರುತ್ತಿದ್ದೆವು, 2027ರ ಏಷ್ಯಾ ಕಪ್‌ಗೂ ನೇರ ಪ್ರವೇಶ ಸಿಗುತ್ತಿತ್ತು. ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ ಸೋತದ್ದು, ಕೋಲ್ಕತ್ತದಲ್ಲಿ ಸುನಿಲ್ ಚೆಟ್ರಿಯ ವಿದಾಯದ ಪಂದ್ಯದಲ್ಲಿ ಕುವೈತ್ ವಿರುದ್ಧ ಗೋಲೇ ಹೊಡೆಯದೆ ಡ್ರಾ ಮಾಡಿಕೊಂಡದ್ದು ನಮ್ಮದೇ ಕೊರತೆ. ಅದಕ್ಕೆ ತಂಡವನ್ನು ಎಷ್ಟು ಬೇಕಾದರೂ ಟೀಕಿಸಿ. ಹಾಗೆಂದು ದೋಹಾದ ತಪ್ಪು ತಪ್ಪಲ್ಲ ಎಂದಾಗುವುದಿಲ್ಲ.

ಇನ್ನು ಮೋಸದ ಆರೋಪ. ಅದಕ್ಕೆ ಯಾವ ಪುರಾವೆಯನ್ನೂ ಯಾರೂ ತೋರಿಸಿಲ್ಲ. ಮೈಮೇಲೆ ಮೈ ಬಿದ್ದಿರುವ ಜಾಗದಲ್ಲಿ, ಕಂಬದ ಬುಡದಲ್ಲಿ ಒಂದು ಗಳಿಗೆ ಹೊರಹೋದ ಚೆಂಡು ರೆಫರಿಗೂ ಲೈನ್ಸ್‌ಮನ್‌ಗೂ ಕಾಣದೆ ಹೋಗಬಹುದು. ಅವರನ್ನು ಜಾಲತಾಣಗಳಲ್ಲಿ ಬೈಯುವುದರಿಂದ ನಮಗೇ ಅವಮಾನ. ನನ್ನ ಸಿಟ್ಟು ಇರುವುದು ಅವರಿಗೆ ಇನ್ನೊಂದು ಜೊತೆ ಕಣ್ಣು ಕೊಡದವರ ಮೇಲೆ.

ಪಂದ್ಯ ನಡೆದ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲೇ 2024ರ ಜನವರಿಯಲ್ಲಿ ಏಷ್ಯಾ ಕಪ್ ಪಂದ್ಯಗಳು ನಡೆದಿದ್ದವು. ಆಗ ಅಲ್ಲಿ ವಿಡಿಯೊ ರೆಫರಿ ವ್ಯವಸ್ಥೆ, ಅಂದರೆ ವಿಎಆರ್ ಇತ್ತು. 2022ರ ವಿಶ್ವಕಪ್‌ನಲ್ಲಿ ಇದೇ ಕತಾರ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್‌ನ ಮಿತೋಮಾ ಗೆರೆಯಂಚಿನಿಂದ ಚೆಂಡು ಒಳಕ್ಕೆ ಹಾಕಿದಾಗ ಇದೇ ಪ್ರಶ್ನೆ ಎದ್ದಿತ್ತು. ವಿಡಿಯೊ ನೋಡಿ, ಚೆಂಡಿನ ಎರಡು ಮಿಲಿಮೀಟರ್‌ನಷ್ಟು ಭಾಗ ಮಾತ್ರ ಗೆರೆಯ ಮೇಲೆ ಉಳಿದಿದ್ದರೂ ಗೋಲು ಸರಿ ಎಂದು ತೀರ್ಮಾನಿಸಿದರು. ಜಪಾನ್‌ಗೆ ಕೂದಲೆಳೆಯ ನ್ಯಾಯ ಸಿಕ್ಕಿತು. ನಮಗೆ ಬರಿಗಣ್ಣಿಗೆ ಕಾಣುವ ನ್ಯಾಯವೂ ಸಿಗಲಿಲ್ಲ. ಕಾರಣ ಇಷ್ಟೇ: ಏಷ್ಯಾದ ಎರಡನೇ ಅರ್ಹತಾ ಸುತ್ತಿನಲ್ಲಿ ವಿಎಆರ್ ಇರಲಿಲ್ಲ.

ಆ ಸುತ್ತಿನಲ್ಲಿ 36 ತಂಡ, 108 ಪಂದ್ಯ, ಸ್ವಂತ ನೆಲದಲ್ಲಿ ಆಡಲಾಗದ ಅಫ್ಘಾನಿಸ್ತಾನದಂಥ ದೇಶಗಳು. ಎಲ್ಲ ಕಡೆ ವಿಎಆರ್ ಹಾಕುವುದು ಕಷ್ಟವೆಂಬುದು ನಿಜ. ಆದರೆ ಯಾರು ಮುಂದೆ, ಯಾರು ಮನೆಗೆ ಎಂದು ತೀರ್ಮಾನವಾಗುವ ಕೊನೆಯ ದಿನಗಳ 18 ಪಂದ್ಯಗಳಿಗಾದರೂ ಹಾಕಲು ಏಷ್ಯನ್ ಫುಟ್‌ಬಾಲ್ ಒಕ್ಕೂಟಕ್ಕೆ ಆಗದೇ? ಅದೂ ಆಗದಿದ್ದರೆ, ಗೋಲಿನ ಬಗ್ಗೆ ಅನುಮಾನ ಬಂದಾಗ ಅಂಗಳದ ಪಕ್ಕ ಒಂದು ಟಿವಿ ನೋಡಿ ತೀರ್ಮಾನಿಸಲು ರೆಫರಿಗೆ ಅವಕಾಶ ಕೊಡಲಿ. ಕಿರಿಯ ತಂಡಗಳು ಮೇಲೇರಲು ಹೆಣಗುವ ಸುತ್ತಿನಲ್ಲೇ ಈ ಸೌಲಭ್ಯ ಇಲ್ಲದಿರುವುದು ಅನ್ಯಾಯ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಫಿಫಾಗೆ ದೂರು ಕೊಟ್ಟು ತನಿಖೆ ಕೇಳಿದೆ. ಒಳ್ಳೆಯದು. ಆದರೆ ಫಲಿತಾಂಶ ಬದಲಾಗುವ ಆಸೆ ಬೇಡ. 2005ರಲ್ಲಿ ಉಜ್ಬೇಕಿಸ್ತಾನ–ಬಹರೇನ್ ಅರ್ಹತಾ ಪಂದ್ಯವನ್ನು ಫಿಫಾ ಮತ್ತೆ ಆಡಿಸಿತ್ತು. ಅಲ್ಲಿ ರೆಫರಿ ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರು. ಚೆಂಡು ಹೊರಹೋಯಿತೇ ಇಲ್ಲವೇ ಎಂಬಂಥ ವಿಷಯದಲ್ಲಿ ರೆಫರಿಯ ಮಾತೇ ಅಂತಿಮ. ಆದ್ದರಿಂದ ದೂರಿನ ಕಾಗದದಲ್ಲೇ ಫೆಡರೇಷನ್ ಕೈತೊಳೆದುಕೊಳ್ಳಬಾರದು.

ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲೂ (ಐಎಸ್‌ಎಲ್) ವಿಎಆರ್ ಇಲ್ಲ. 2023ರಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಚೆಟ್ರಿಯ ಫ್ರೀ ಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಆಟಗಾರರು ಅಂಗಳ ಬಿಟ್ಟು ನಡೆದದ್ದನ್ನು ಬೆಂಗಳೂರಿನವರು ಮರೆತಿಲ್ಲ. ಮನೆಯ ಲೀಗ್‌ನಲ್ಲಿ ಇಲ್ಲದ್ದನ್ನು ಏಷ್ಯಾದ ಮುಂದೆ ಕೇಳಿದರೆ ದನಿಗೆ ಬಲ ಎಲ್ಲಿಂದ ಬರಬೇಕು? ಮುಂದಿನ ಐಎಸ್‌ಎಲ್‌ನ ಪ್ಲೇ ಆಫ್ ಪಂದ್ಯಗಳಿಗಾದರೂ ಫೆಡರೇಷನ್ ವಿಎಆರ್ ತರಲಿ. ಏಷ್ಯನ್ ಒಕ್ಕೂಟದ ಮುಂದಿನ ಸಭೆಯಲ್ಲಿ ಎರಡನೇ ಸುತ್ತಿಗೂ ಅದು ಬೇಕೆಂದು ಲಿಖಿತ ಪ್ರಸ್ತಾವ ಇಡಲಿ, ಇದೇ ಕಷ್ಟದಲ್ಲಿರುವ ಇತರ ದೇಶಗಳನ್ನೂ ಜೊತೆಗೆ ಕರೆದುಕೊಳ್ಳಲಿ. ಸಂಪಾದಕರಾದ ತಾವೂ ಪತ್ರಿಕೆಯ ಮೂಲಕ ಈ ಒತ್ತಾಯವನ್ನು ಬಿಡದೆ ಮುಂದುವರಿಸಬೇಕೆಂದು ವಿನಂತಿ.

– ಒಬ್ಬ ಫುಟ್‌ಬಾಲ್ ಅಭಿಮಾನಿ, ಆಸ್ಟಿನ್ ಟೌನ್, ಬೆಂಗಳೂರು